ದನ ಏನು ತಿಂದಿತ್ತು? ಸೂಕ್ ವಾಕಿಫ್‌ನಲ್ಲಿ ಹುಟ್ಟಿದ ಒಂದು ಪ್ರಶ್ನೆ



ದೋಹಾದಲ್ಲಿರುವ ನಮ್ಮೆಲ್ಲರ ಮನೆಯಲ್ಲೂ ಒಂದು ಪದ್ಧತಿ ಇದೆ. ಊರಿನಿಂದ ಯಾರೇ ಬಂದರೂ ಮೊದಲು ಸೂಕ್ ವಾಕಿಫ್‌ಗೆ ಕರೆದುಕೊಂಡು ಹೋಗುವುದು. ಕಳೆದ ತಿಂಗಳು ನಮ್ಮ ಮಾವ ಬಂದಿದ್ದರು. ಮಸಾಲೆ ಅಂಗಡಿಗಳು, ಹಕ್ಕಿ ಮಾರುಕಟ್ಟೆ, ಗಿಡುಗಗಳ ಅಂಗಡಿ ಎಲ್ಲ ತೋರಿಸಿ, ಕೊನೆಗೆ ಒಂಟೆಗಳನ್ನು ಕಟ್ಟುವ ಬಯಲಿನ ಹತ್ತಿರ ನಿಂತೆವು. ನಾಲ್ಕನೇ ತರಗತಿಯಲ್ಲಿರುವ ನನ್ನ ತಮ್ಮ ಒಂಟೆಯನ್ನು ನೋಡಲಿಲ್ಲ, ಅದರ ಮುಂದಿದ್ದ ಹುಲ್ಲನ್ನು ನೋಡಿದ. "ಇಲ್ಲಿ ಮಳೆಯೇ ಇಲ್ಲವಲ್ಲ, ಇಷ್ಟು ಹುಲ್ಲು ಎಲ್ಲಿಂದ ಬಂತು?" ಎಂದು ಕೇಳಿದ. ನಮಗೆ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಒಂಟೆ ನೋಡಿಕೊಳ್ಳುವವರನ್ನು ಕೇಳಿದಾಗ "ಬರ್ಸೀಮ್" ಎಂದರು. ಮನೆಗೆ ಬಂದು ಹುಡುಕಿದೆ. ಕೊಲ್ಲಿ ದೇಶಗಳಲ್ಲಿ ಬರ್ಸೀಮ್ ಅಥವಾ ಜತ್ ಎಂದು ಕರೆಯುವ ಈ ಮೇವಿಗೆ ಇಂಗ್ಲಿಷಿನಲ್ಲಿ ಅಲ್ಫಾಲ್ಫಾ, ಲೂಸರ್ನ್ ಎಂಬ ಹೆಸರುಗಳಿವೆ. ಕನ್ನಡದಲ್ಲಿ ಅದಕ್ಕೆ 'ಕುದುರೆ ಮಸಾಲೆ' ಎಂಬ ಚಂದದ ಹೆಸರಿದೆ. ಮಸಾಲೆ ಬೀದಿಯಲ್ಲಿ ಅರ್ಧ ಗಂಟೆ ಸುತ್ತಿದ ನಾವು ಈ ಮಸಾಲೆಯನ್ನು ಮಾತ್ರ ಗಮನಿಸಿರಲಿಲ್ಲ!

ತಮ್ಮನ ಪ್ರಶ್ನೆಯಿಂದ ಶುರುವಾದ ಹುಡುಕಾಟ ನಮ್ಮ ಅಡುಗೆಮನೆಯವರೆಗೆ ಬಂತು. ಅದಕ್ಕೆ ಕಾರಣ ನಮ್ಮ ಉಪ್ಪ.

ಉಪ್ಪನ ರಕ್ತ ಪರೀಕ್ಷೆ

ನಮ್ಮ ಮನೆ ಬಂಟ್ವಾಳದ ಕಡೆಯದು. ಶುಕ್ರವಾರ ಬೀಫ್ ಸಾರು ಇಲ್ಲದಿದ್ದರೆ ಉಪ್ಪನಿಗೆ ಶುಕ್ರವಾರ ಆದ ಹಾಗೆ ಆಗುವುದಿಲ್ಲ. ಈ ವರ್ಷದ ರಕ್ತ ಪರೀಕ್ಷೆಯಲ್ಲಿ ಅವರಿಗೆ ಕೊಲೆಸ್ಟ್ರಾಲ್ ಹೆಚ್ಚಿದೆ ಎಂದು ಬಂತು. ಡಾಕ್ಟರು ಕೆಂಪು ಮಾಂಸ ಕಡಿಮೆ ಮಾಡಲು ಹೇಳಿದರು. ಉಪ್ಪ ಕಡಿಮೆ ಮಾಡಲಿಲ್ಲ, ಬೇರೆ ಪ್ಯಾಕೆಟ್ ತಂದರು. ಅದರ ಮೇಲೆ 'ಗ್ರಾಸ್ ಫೆಡ್' ಎಂದು ಬರೆದಿತ್ತು. ಬೆಲೆ ಹೆಚ್ಚು ಕಡಿಮೆ ಎರಡು ಪಟ್ಟು. "ಹುಲ್ಲು ತಿಂದ ದನದ ಮಾಂಸ ಔಷಧಿ ಇದ್ದ ಹಾಗೆ. ವಾಟ್ಸಾಪ್‌ನಲ್ಲಿ ಬಂದಿದೆ" ಎಂದರು. ಉಮ್ಮ ನನ್ನ ಕಡೆ ನೋಡಿ, "ನೀನು ಬಯಾಲಜಿ ಓದುವುದಲ್ಲವಾ? ಅದು ನಿಜವಾ ನೋಡು" ಎಂದರು.

ಈ ವಿಷಯದ ಬಗ್ಗೆ ನಮ್ಮ ಪತ್ರಿಕೆಗೆ ಬರೆಯಬಹುದೇ ಎಂದು ನನಗೆ ಸಂಶಯ ಇತ್ತು. ನಮ್ಮ ಕನ್ನಡ ತರಗತಿಯಲ್ಲಿ ಬೀಫ್ ತಿನ್ನುವವರಿದ್ದಾರೆ, ತಿನ್ನದವರಿದ್ದಾರೆ, ಮೊಟ್ಟೆಯನ್ನೂ ಮುಟ್ಟದ ಮನೆಯವರಿದ್ದಾರೆ. ಟೀಚರನ್ನು ಕೇಳಿದೆ. "ಹಾಲು ತುಪ್ಪ ಎಲ್ಲರ ಮನೆಯಲ್ಲೂ ಇದೆಯಲ್ಲ, ಎಲ್ಲರಿಗೂ ಉಪಯೋಗ ಆಗುವ ಹಾಗೆ ಬರೆ" ಎಂದರು. ನೀವು ಮಾಂಸ ತಿನ್ನದವರಾದರೆ ನಾನು ಮಾಂಸ ಎಂದು ಬರೆದ ಕಡೆ ಹಾಲು, ತುಪ್ಪ ಎಂದು ಓದಿಕೊಳ್ಳಿ. ಹೆಚ್ಚಿನ ಕಡೆ ಅದೂ ಸರಿಯಾಗುತ್ತದೆ.

ದನದ ಹೊಟ್ಟೆಯೊಳಗೆ

ನಾವು ಹುಲ್ಲು ತಿಂದರೆ ಜೀರ್ಣವಾಗುವುದಿಲ್ಲ. ದನಕ್ಕೆ ಆಗುತ್ತದೆ. ನಿಜ ಹೇಳಬೇಕೆಂದರೆ ದನವೂ ಅದನ್ನು ತಾನೇ ಜೀರ್ಣ ಮಾಡುವುದಿಲ್ಲ. ಅದರ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ (ಒಂಟೆಗೆ ಮೂರು). ದನದ ಅತಿ ದೊಡ್ಡ ಕೋಣೆಯ ಹೆಸರು ರೂಮೆನ್. ದೊಡ್ಡ ಹಸುವಿನ ರೂಮೆನ್‌ನಲ್ಲಿ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅದು ಇಡ್ಲಿ ಹಿಟ್ಟಿನ ಪಾತ್ರೆ ಇದ್ದ ಹಾಗೆ. ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಅಲ್ಲಿ ಹುಲ್ಲನ್ನು ಹುದುಗು ಬರಿಸುತ್ತವೆ. ದನ ಮಲಗಿಕೊಂಡು ಮೆಲುಕು ಹಾಕುವಾಗ ಈ ಕೆಲಸಕ್ಕೆ ಸಹಾಯ ಮಾಡುತ್ತಿರುತ್ತದೆ.

ಈ ಪಾತ್ರೆಗೆ ಏನು ಹಾಕುತ್ತೇವೆ ಎನ್ನುವುದರ ಮೇಲೆ ಅಲ್ಲಿ ಯಾವ ಸೂಕ್ಷ್ಮಜೀವಿ ಬೆಳೆಯುತ್ತದೆ ಎಂಬುದು ನಿರ್ಧಾರವಾಗುತ್ತದೆ. ಹುಲ್ಲು ನಾರಿನ ಆಹಾರ, ನಿಧಾನವಾಗಿ ಹುದುಗುತ್ತದೆ. ಮೆಕ್ಕೆಜೋಳ, ಬಾರ್ಲಿ, ಗೋಧಿಯಂಥ ಕಾಳುಗಳಲ್ಲಿ ಪಿಷ್ಟ ಹೆಚ್ಚು, ಬೇಗ ಹುದುಗುತ್ತವೆ. ಕಾಳು ತಿಂದ ದನ ಬೇಗ ದಪ್ಪವಾಗುತ್ತದೆ. ಮಾಂಸದ ಎಳೆಗಳ ನಡುವೆ ಕೊಬ್ಬಿನ ಬಿಳಿ ಗೆರೆಗಳು ಮೂಡುತ್ತವೆ. ಹೋಟೆಲಿನವರು ಇದನ್ನು ಮಾರ್ಬ್ಲಿಂಗ್ ಎನ್ನುತ್ತಾರೆ. ಮಾಂಸ ಮೆತ್ತಗೆ, ರುಚಿಯಾಗಿ ಇರುವುದಕ್ಕೆ ಇದೂ ಒಂದು ಕಾರಣ.

ಆದರೆ ಹುಲ್ಲಿನಲ್ಲಿದ್ದ ದನಕ್ಕೆ ಒಂದೇ ದಿನ ಬುಟ್ಟಿಗಟ್ಟಲೆ ಕಾಳು ಕೊಟ್ಟರೆ ರೂಮೆನ್‌ನಲ್ಲಿ ಆಮ್ಲ ಹೆಚ್ಚಾಗಿ ದನ ಕಾಯಿಲೆ ಬೀಳುತ್ತದೆ, ಸಾಯಲೂಬಹುದು. ಹಬ್ಬದ ದಿನ ಪಾತ್ರೆಯಲ್ಲಿ ಉಳಿದ ಅನ್ನವನ್ನೆಲ್ಲ ದನಕ್ಕೆ ಹಾಕಬಾರದು ಎಂದು ನಮ್ಮ ಅಜ್ಜಿ ಹೇಳುತ್ತಿದ್ದುದು ಇದಕ್ಕೇ. ದೊಡ್ಡ ಫಾರ್ಮ್‌ಗಳಲ್ಲಿ ಕೆಲವು ವಾರ ತೆಗೆದುಕೊಂಡು ಸ್ವಲ್ಪ ಸ್ವಲ್ಪವಾಗಿ ಮೇವನ್ನು ಬದಲಾಯಿಸುತ್ತಾರೆ.

ಹಳದಿ ಕೊಬ್ಬು, ಬಿಳಿ ಕೊಬ್ಬು

ಕೊಬ್ಬು ಹಳದಿ ಇದ್ದರೆ ಅದು ಮುದಿ ದನದ ಮಾಂಸ ಎಂದು ಉಪ್ಪ ನಂಬಿದ್ದರು. ಅದು ಪೂರ್ತಿ ಸುಳ್ಳಲ್ಲ, ವಯಸ್ಸಾದಂತೆ ಬಣ್ಣ ಕೂಡುತ್ತಾ ಹೋಗುತ್ತದೆ. ಆದರೆ ಬಣ್ಣದ ಮೂಲ ಮೇವು. ಹಸಿ ಹುಲ್ಲಿನಲ್ಲಿ ಬೀಟಾ ಕ್ಯಾರೊಟಿನ್ ಎಂಬ ಬಣ್ಣದ ವಸ್ತು ತುಂಬ ಇರುತ್ತದೆ. ಕ್ಯಾರೆಟ್‌ಗೆ ಬಣ್ಣ ಕೊಡುವುದೂ ಅದೇ. ಹಸು ಅದರಲ್ಲಿ ಸ್ವಲ್ಪವನ್ನು ವಿಟಮಿನ್ 'ಎ' ಮಾಡಿಕೊಳ್ಳುತ್ತದೆ, ಉಳಿದದ್ದು ಕೊಬ್ಬಿನಲ್ಲಿ, ಹಾಲಿನ ಬೆಣ್ಣೆಯಲ್ಲಿ ಸೇರುತ್ತದೆ. ಕಾಳು ಮತ್ತು ಒಣಹುಲ್ಲಿನಲ್ಲಿ ಕ್ಯಾರೊಟಿನ್ ಕಡಿಮೆ, ಹಾಗಾಗಿ ಅದನ್ನು ತಿಂದ ದನದ ಕೊಬ್ಬು ಬೆಳ್ಳಗೆ.

ಇದನ್ನು ಫೋನಿನಲ್ಲಿ ಅಜ್ಜಿಗೆ ವಿವರಿಸಿದೆ. ಅಜ್ಜಿ ನಕ್ಕರು. "ಮಳೆಗಾಲದಲ್ಲಿ ದನ ಹಸಿ ಹುಲ್ಲು ತಿಂತದೆ, ಬೆಣ್ಣೆ ಅರಸಿನ ಹಾಕಿದ ಹಾಗೆ ಆಗ್ತದೆ. ಬೇಸಗೆಯಲ್ಲಿ ಬೈಹುಲ್ಲು, ಬೆಣ್ಣೆಯೂ ಬಿಳಿ. ಅದಕ್ಕೆ ನೀನು ಅಷ್ಟೆಲ್ಲ ಓದಬೇಕಾಯಿತಾ?" ಎಂದರು.

ಇಲ್ಲೊಂದು ಎಚ್ಚರಿಕೆ ಬೇಕು. ಎಮ್ಮೆ ಎಷ್ಟೇ ಹಸಿರು ತಿಂದರೂ ಅದರ ತುಪ್ಪ ಬೆಳ್ಳಗೇ ಇರುತ್ತದೆ. ಎಮ್ಮೆಯ ದೇಹ ಕ್ಯಾರೊಟಿನ್ ಅನ್ನು ಪೂರ್ತಿಯಾಗಿ ವಿಟಮಿನ್ 'ಎ' ಆಗಿ ಬದಲಾಯಿಸಿಬಿಡುತ್ತದೆ. ದೋಹಾದ ಅಂಗಡಿಗಳಲ್ಲಿ 'ಇಂಡಿಯನ್' ಎಂದು ಬರೆದಿರುವ ಕಡಿಮೆ ಬೆಲೆಯ ಮಾಂಸ ಎಮ್ಮೆ ಅಥವಾ ಕೋಣದ್ದು, ಯಾಕೆಂದರೆ ಭಾರತದಿಂದ ಹಸುವಿನ ಮಾಂಸವನ್ನು ರಫ್ತು ಮಾಡುವಂತಿಲ್ಲ. ಅದರ ಕೊಬ್ಬು ಬಿಳಿ ಎಂದ ಮಾತ್ರಕ್ಕೆ ಅದು ಕಾಳು ತಿಂದು ಬೆಳೆದದ್ದು ಎಂದು ತಿಳಿಯಬೇಡಿ. ನಮ್ಮ ಊರಿನ ಎಮ್ಮೆಗಳಿಗೆ ಸಿಗುವುದು ಹೆಚ್ಚಾಗಿ ಒಣಹುಲ್ಲು, ಸೊಪ್ಪೆ, ಬೂಸಾ, ಹಿಂಡಿ, ಗದ್ದೆ ಬದುವಿನ ಹುಲ್ಲು. ಹಾಗೆಯೇ ಬಿಳಿ ತುಪ್ಪ ಎಂದರೆ ಕಲಬೆರಕೆ ಎಂದೂ ಅಲ್ಲ.

ಲೇಬಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಉಪ್ಪನ ಜೊತೆ ಸೂಪರ್ ಮಾರ್ಕೆಟಿನ ಮಾಂಸದ ವಿಭಾಗದಲ್ಲಿ ಅರ್ಧ ಗಂಟೆ ನಿಂತು ಲೇಬಲ್‌ಗಳನ್ನು ಓದಿದೆ. ನೀವೂ ಓದಿ ನೋಡಿ.

'ಗ್ರೇನ್ ಫೆಡ್' ಎಂದರೆ ಹುಟ್ಟಿದಾಗಿನಿಂದ ಕಾಳು ತಿಂದದ್ದು ಎಂದಲ್ಲ. ಆಸ್ಟ್ರೇಲಿಯಾದ 'ಗ್ರೇನ್ ಫೆಡ್' ದರ್ಜೆಗೆ ಕೊನೆಯಲ್ಲಿ ಕನಿಷ್ಠ 100 ದಿನ ಕಾಳಿನ ಮೇವು ಕೊಟ್ಟಿರಬೇಕು. ಅದಕ್ಕೆ ಮೊದಲು ಆ ದನಗಳೂ ಹುಲ್ಲುಗಾವಲಿನಲ್ಲೇ ಬೆಳೆದಿರುತ್ತವೆ. ಅಲ್ಲಿ ಕೊಡುವ ಕಾಳುಗಳಲ್ಲಿ ಬಾರ್ಲಿ, ಗೋಧಿಯ ಜೊತೆ ಜೋಳವೂ ಇದೆ. ಉತ್ತರ ಕರ್ನಾಟಕದ ಗೆಳೆಯರೇ, ನೀವು ರೊಟ್ಟಿ ಮಾಡುವ ಅದೇ ಜೋಳ!

'ಗ್ರಾಸ್ ಫೆಡ್' ಎಂಬ ಮಾತೂ ಅಷ್ಟು ಸರಳವಲ್ಲ. ಎಲ್ಲ ದನಗಳೂ ಜೀವನದಲ್ಲಿ ಒಂದಷ್ಟು ಕಾಲ ಹುಲ್ಲು ತಿಂದೇ ಇರುತ್ತವೆ. ಕೊನೆಯ ತಿಂಗಳುಗಳಲ್ಲಿ ಏನು ತಿಂದವು ಎನ್ನುವುದು ಮುಖ್ಯ. ಅದಕ್ಕೇ ಕೆಲವು ಪ್ಯಾಕೆಟ್‌ಗಳ ಮೇಲೆ 'ಗ್ರಾಸ್ ಫೆಡ್, ಗ್ರಾಸ್ ಫಿನಿಶ್ಡ್' ಎಂದು ಎರಡೂ ಬರೆದಿರುತ್ತದೆ. ಅಮೆರಿಕದ ಕೃಷಿ ಇಲಾಖೆ 'ಗ್ರಾಸ್ ಫೆಡ್' ಎನ್ನುವುದಕ್ಕೆ ತಾನು ಮಾಡಿದ್ದ ಮಾನದಂಡವನ್ನು 2016ರಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಹಾಗಾಗಿ ಒಂದೇ ಮಾತಿಗೆ ಎಲ್ಲ ದೇಶದಲ್ಲೂ ಒಂದೇ ಅರ್ಥ ಇಲ್ಲ.

'ಹಲಾಲ್' ಎಂಬ ಗುರುತು ಮುಖ್ಯವಾಗಿ ಪ್ರಾಣಿಯನ್ನು ಕೊಯ್ಯುವ ಕ್ರಮಕ್ಕೆ ಸಂಬಂಧಿಸಿದ್ದು. ದನ ಹುಲ್ಲು ತಿಂದಿತ್ತೋ ಕಾಳು ತಿಂದಿತ್ತೋ ಎಂದು ಅದು ಹೇಳುವುದಿಲ್ಲ. ಆದರೆ ಮೇವಿನ ವಿಚಾರ ನಮ್ಮ ಧರ್ಮದಲ್ಲಿ ಇಲ್ಲವೆಂದಲ್ಲ. ಹೊಲಸು ತಿಂದು ಬೆಳೆದ ಪ್ರಾಣಿಗೆ 'ಜಲ್ಲಾಲಾ' ಎನ್ನುತ್ತಾರೆ. ಅಂಥ ಪ್ರಾಣಿಯನ್ನು ಕೆಲವು ದಿನ ಕಟ್ಟಿಹಾಕಿ ಶುದ್ಧ ಮೇವು ಕೊಟ್ಟ ಮೇಲೆಯೇ ತಿನ್ನಬೇಕು ಎಂದು ಮದ್ರಸದಲ್ಲಿ ಉಸ್ತಾದರು ಕಲಿಸಿದ್ದು ನೆನಪಾಯಿತು. ಪ್ರಾಣಿ ತಿಂದದ್ದು ನಮ್ಮ ತಟ್ಟೆಗೆ ಬರುತ್ತದೆ ಎಂದು ಹಿಂದಿನವರಿಗೂ ಗೊತ್ತಿತ್ತು.

ಹಾಗಾದರೆ ಅದು ಔಷಧಿಯೇ?

ಈಗ ಉಪ್ಪನ ಪ್ರಶ್ನೆ. ಹುಲ್ಲು ತಿಂದ ದನದ ಮಾಂಸದಲ್ಲಿ ಸಾಮಾನ್ಯವಾಗಿ ಕೊಬ್ಬು ಕಡಿಮೆ. ವಿಟಮಿನ್ 'ಇ' ಮತ್ತು ಕ್ಯಾರೊಟಿನ್ ಹೆಚ್ಚು. ಹೃದಯಕ್ಕೆ ಒಳ್ಳೆಯದು ಎನ್ನುವ ಒಮೆಗಾ-3 ಕೊಬ್ಬು ಕೂಡ ಹೆಚ್ಚು. ಇಷ್ಟು ನಿಜ. ವಾಟ್ಸಾಪ್ ಸಂದೇಶದಲ್ಲಿ ಇದ್ದದ್ದೂ ಇಷ್ಟೇ.

ಅದರಲ್ಲಿ ಇಲ್ಲದ್ದು ಮುಂದಿನ ಭಾಗ. ಹುಲ್ಲಿನಲ್ಲಿರುವ ಒಳ್ಳೆಯ ಕೊಬ್ಬಿನ ಹೆಚ್ಚಿನ ಪಾಲನ್ನು ರೂಮೆನ್‌ನ ಸೂಕ್ಷ್ಮಜೀವಿಗಳು ಬದಲಾಯಿಸಿ ಗಟ್ಟಿ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಕೊಬ್ಬು, ಮಾಡಿಬಿಡುತ್ತವೆ. ಸಾರು ತಣ್ಣಗಾದ ಮೇಲೆ ಮೇಲುಗಡೆ ಹೆಪ್ಪುಗಟ್ಟುತ್ತದಲ್ಲ, ಅದೇ. ಹುಲ್ಲು ತಿಂದ ದನದಲ್ಲೂ ಅದು ಇದೆ. ಉಪ್ಪನ ಡಾಕ್ಟರು ಕಡಿಮೆ ಮಾಡಿ ಎಂದದ್ದು ಅದನ್ನೇ. ಇನ್ನು ಒಮೆಗಾ-3 ಹೆಚ್ಚು ಎಂದರೂ ಎಷ್ಟು ಹೆಚ್ಚು? ಅದೇ ತೂಕದ ಬೂತಾಯಿ ಮೀನಿನಲ್ಲಿ ಅದರ ಹತ್ತು ಪಟ್ಟಿಗೂ ಮೀರಿ ಇದೆ. ಬೂತಾಯಿ ಬೆಲೆಯೂ ಕಡಿಮೆ!

ಎಷ್ಟು ತಿನ್ನಬಹುದು ಎಂಬುದಕ್ಕೆ ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ ಒಂದು ಲೆಕ್ಕ ಕೊಡುತ್ತದೆ. ವಾರಕ್ಕೆ ಬೇಯಿಸಿದ ಕೆಂಪು ಮಾಂಸ 350ರಿಂದ 500 ಗ್ರಾಂ ಮೀರಬಾರದು. ನಮ್ಮ ಮನೆಯಲ್ಲಿ ಉಮ್ಮ ತಕ್ಕಡಿ ಇಟ್ಟು ತೂಗಿ ನೋಡಿದರು. ಉಪ್ಪ ಶುಕ್ರವಾರ ಒಂದೇ ದಿನದಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ತಿನ್ನುತ್ತಿದ್ದರು.

ಮರಳುಗಾಡಿನಲ್ಲಿ ಹುಲ್ಲು

ತಮ್ಮನ ಪ್ರಶ್ನೆಗೆ ಇನ್ನೂ ಉತ್ತರ ಕೊಟ್ಟಿಲ್ಲ. ಕತಾರಿನಲ್ಲಿ ವರ್ಷಕ್ಕೆ ಸರಾಸರಿ 80 ಮಿ.ಮೀ. ಆಸುಪಾಸು ಮಳೆ ಬರುತ್ತದೆ. ನಮ್ಮ ದಕ್ಷಿಣ ಕನ್ನಡದಲ್ಲಿ ಸುಮಾರು 4000 ಮಿ.ಮೀ. ಹಿಂದೆ ಬೆದುವಿನ್ ಜನರು ಮಳೆ ಬಂದ ಕಡೆಗೆ ಹಿಂಡನ್ನು ಹೊಡೆದುಕೊಂಡು ಹೋಗುತ್ತಿದ್ದರು. ಕುರಿ, ಆಡು, ಉಣ್ಣೆಯನ್ನು ಮಾರಲು ಬರುತ್ತಿದ್ದ ಜಾಗವೇ ಸೂಕ್ ವಾಕಿಫ್. ವಾಕಿಫ್ ಎಂದರೆ ನಿಂತಿರುವುದು. ಸಮುದ್ರದ ನೀರು ಅಲ್ಲಿಯವರೆಗೆ ಏರಿ ಬರುತ್ತಿದ್ದರಿಂದ ವ್ಯಾಪಾರಿಗಳು ನಿಂತುಕೊಂಡೇ ಮಾರುತ್ತಿದ್ದರಂತೆ. 2003ರಲ್ಲಿ ಬೆಂಕಿ ಬಿದ್ದ ನಂತರ ಅದನ್ನು ಹಳೆಯ ರೀತಿಯಲ್ಲೇ ಮತ್ತೆ ಕಟ್ಟಿದರು. ಇಂದು ಅಲ್ಲಿಯ ಒಂಟೆಗಳು ಹುಲ್ಲು ಹುಡುಕಿಕೊಂಡು ಹೋಗುವುದಿಲ್ಲ, ಹುಲ್ಲೇ ಅವುಗಳ ಹತ್ತಿರ ಬರುತ್ತದೆ.

2017ರ ಜೂನ್ 5ರಂದು ನೆರೆಯ ದೇಶಗಳು ಕತಾರಿನ ಗಡಿ ಮುಚ್ಚಿದಾಗ ಏನಾಯಿತು ಎಂದು ದೊಡ್ಡವರಿಗೆ ನೆನಪಿರಬಹುದು. ಅಂಗಡಿಗಳಲ್ಲಿದ್ದ ಹೆಚ್ಚಿನ ಹಾಲು ಸೌದಿ ಅರೇಬಿಯಾದಿಂದ ರಸ್ತೆ ದಾರಿಯಲ್ಲಿ ಬರುತ್ತಿತ್ತು, ಅದು ನಿಂತುಹೋಯಿತು. ಮುಂದಿನ ತಿಂಗಳೇ ಬಲದ್ನಾ ಕಂಪನಿಗಾಗಿ 165 ಹಸುಗಳ ಮೊದಲ ತಂಡ ಬುಡಾಪೆಸ್ಟಿನಿಂದ ಕತಾರ್ ಏರ್‌ವೇಸ್ ವಿಮಾನದಲ್ಲಿ ಬಂದಿಳಿಯಿತು. ಈಗ ದೋಹಾದಿಂದ ಸುಮಾರು 50 ಕಿ.ಮೀ. ಉತ್ತರಕ್ಕೆ, ಅಲ್ ಖೋರ್ ಕಡೆ, ಆ ಕಂಪನಿಯ ಸಾವಿರಾರು ಹಸುಗಳು ತಂಪು ಮಾಡಿದ ಕೊಟ್ಟಿಗೆಗಳಲ್ಲಿವೆ. ಹಸು ವಿಮಾನದಲ್ಲಿ ಒಮ್ಮೆ ಬಂದರೆ ಸಾಕು. ಆದರೆ ಅದಕ್ಕೆ ಮೇವು ದಿನಾ ಬೇಕು. ಅದರಲ್ಲಿ ಬಹಳಷ್ಟು ಹಡಗಿನಲ್ಲಿ ಹೊರದೇಶದಿಂದ ಬರುತ್ತದೆ. ಕತಾರಿನಲ್ಲಿ ಒಂದಷ್ಟು ಹಸಿರು ಮೇವನ್ನು ಬೆಳೆಯುತ್ತಾರೆ. ಅದಕ್ಕೆ ಶುದ್ಧ ಮಾಡಿದ ಚರಂಡಿ ನೀರನ್ನು ಬಳಸುತ್ತಾರೆ, ಏಕೆಂದರೆ ನೆಲದಡಿಯ ನೀರು ಬತ್ತುತ್ತಿದೆ.

ನೆರೆಯ ಸೌದಿ ಅರೇಬಿಯಾದ್ದೂ ಇದೇ ಕಥೆ. ಅಲ್ಲಿನ ಅಲ್ಮರಾಯ್ ಕಂಪನಿ 2014ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಜಮೀನು ಕೊಂಡು, ಅಲ್ಲಿ ಕುದುರೆ ಮಸಾಲೆ ಬೆಳೆದು ತನ್ನ ಹಸುಗಳಿಗೆ ಕಳುಹಿಸಿತು. ಅರಿಜೋನಾ ಕೂಡ ಮರಳುಗಾಡು. ನಮ್ಮ ನೀರು ಹುಲ್ಲಿನ ರೂಪದಲ್ಲಿ ಹೋಗುತ್ತಿದೆ ಎಂದು ಅಲ್ಲಿನ ಜನ ಜಗಳಕ್ಕೆ ಬಂದರು. ತಮ್ಮ ನೋಡಿದ ಒಂದು ಹಿಡಿ ಹುಲ್ಲಿನ ಹಿಂದೆ ಇಷ್ಟೆಲ್ಲ ಇದೆ.

ಮೇವು ಕೆಟ್ಟರೆ

ಹುಲ್ಲೋ ಕಾಳೋ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಮೇವು ಶುದ್ಧವೋ ಅಲ್ಲವೋ ಎನ್ನುವುದು. ಬ್ರಿಟನ್‌ನಲ್ಲಿ ಖರ್ಚು ಉಳಿಸಲು ದನಗಳ ಮೇವಿಗೆ ಸತ್ತ ಪ್ರಾಣಿಗಳ ಮಾಂಸ ಮತ್ತು ಎಲುಬಿನ ಪುಡಿ ಬೆರೆಸುತ್ತಿದ್ದರು. ಹುಲ್ಲು ತಿನ್ನುವ ಪ್ರಾಣಿಗೆ ಮಾಂಸ! 1986ರಲ್ಲಿ ಅಲ್ಲಿ 'ಹುಚ್ಚು ದನದ ರೋಗ' ಪತ್ತೆಯಾಯಿತು. 1988ರಲ್ಲಿ ಅಂಥ ಮೇವನ್ನು ನಿಷೇಧಿಸಿದರು. 1996ರಲ್ಲಿ ಆ ಮಾಂಸ ತಿಂದ ಮನುಷ್ಯರಿಗೂ ಮೆದುಳಿನ ರೋಗ ಬಂದಿರಬಹುದು ಎಂದು ಬ್ರಿಟನ್ ಸರ್ಕಾರ ಒಪ್ಪಿಕೊಂಡಿತು. ನೂರಕ್ಕೂ ಹೆಚ್ಚು ಜನ ಅದರಿಂದ ಸತ್ತರು.

ಹಾಲು ಮಾತ್ರ ಕುಡಿಯುವವರಿಗೂ ಇಂಥ ವಿಷಯ ಇದೆ. ಬೂಸ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಹಸು ಅದನ್ನು ತಿಂದರೆ ಒಂದು ಪಾಲು ಹಾಲಿಗೆ ಬರುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಊರಿನಲ್ಲಿ ನಿಮ್ಮ ಅಜ್ಜನ ಮನೆಯಲ್ಲಿ ದನ ಇದ್ದರೆ ಒದ್ದೆಯಾದ ಹಿಂಡಿ ಚೀಲವನ್ನು 'ದನಕ್ಕೆ ತಾನೆ' ಎಂದು ಹಾಕಬಾರದು ಎಂದು ದಯವಿಟ್ಟು ಹೇಳಿ.

ಮನೆಯಲ್ಲಿ ಏನು ಬದಲಾಯಿತು?

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಉಪ್ಪನಿಗೆ ಕೊಟ್ಟೆ. ಎರಡು ಸಲ ಓದಿದರು. "ಹಾಗಾದರೆ ನಾನು ದುಡ್ಡು ಕೊಟ್ಟು ಸಮಾಧಾನ ಕೊಂಡುಕೊಂಡೆ ಅಷ್ಟೇ" ಎಂದರು. ನನಗೆ ಸ್ವಲ್ಪ ಬೇಸರವಾಯಿತು, ಏಕೆಂದರೆ ಅವರಿಗೆ ಶುಕ್ರವಾರದ ಸಾರು ಎಂದರೆ ಊರು. ಕೊನೆಗೆ ಉಮ್ಮ ತೀರ್ಮಾನ ಹೇಳಿದರು. ಶುಕ್ರವಾರದ ಬೀಫ್ ಇರುತ್ತದೆ, ಆದರೆ ಮೊದಲಿನ ಅರ್ಧ, ಜೊತೆಗೆ ಹೆಚ್ಚು ತರಕಾರಿ. ವಾರಕ್ಕೆ ಎರಡು ದಿನ ಮೀನು. ಮೂರು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷೆ. ಹುಲ್ಲು ತಿಂದ ದನದ ಮಾಂಸ ರುಚಿ ಎನಿಸಿದರೆ ತರಬಹುದು, ಔಷಧಿ ಎಂದು ತರುವುದು ಬೇಡ. ಅದು ಬೇಗ ಒಣಗುತ್ತದೆ, ಹಾಗಾಗಿ ಸಣ್ಣ ಉರಿಯಲ್ಲಿ ನಿಧಾನವಾಗಿ ಬೇಯಿಸಬೇಕು ಎಂದು ಉಮ್ಮ ಕಂಡುಕೊಂಡಿದ್ದಾರೆ.

ಮುಂದಿನ ಸಲ ಅಂಗಡಿಗೆ ಹೋದಾಗ ನೀವು ಮೂರು ಪ್ರಶ್ನೆ ಕೇಳಿ. ಇದು ಯಾವ ದೇಶದ್ದು, ಹಸುವಿನದೋ ಎಮ್ಮೆಯದೋ? ಕೊನೆಯ ತಿಂಗಳುಗಳಲ್ಲಿ ಅದು ಏನು ತಿಂದಿತ್ತು? ಈ ವಾರ ನಮ್ಮ ಮನೆಯಲ್ಲಿ ಇದನ್ನು ಎಷ್ಟು ತಿಂದಿದ್ದೇವೆ? ಮೂರನೆಯದನ್ನು ಅಂಗಡಿಯವರು ಹೇಳಲಾರರು, ನಾವೇ ಹೇಳಿಕೊಳ್ಳಬೇಕು.

ಚಿಕ್ಕ ತರಗತಿಯ ಮಕ್ಕಳಿಗೆ ಒಂದು ಕೆಲಸ ಇದೆ. ಈ ವಾರ ಊರಿಗೆ ಫೋನ್ ಮಾಡಿದಾಗ ಅಜ್ಜ ಅಜ್ಜಿಯನ್ನು ಕೇಳಿ: ನಿಮ್ಮ ಕಡೆ ದನಕ್ಕೆ ಏನೇನು ಹಾಕುತ್ತಾರೆ, ಅದಕ್ಕೆ ಏನೆಂದು ಹೆಸರು? ನನ್ನ ಪಟ್ಟಿಯಲ್ಲಿ ಈಗ ಎಂಟು ಇವೆ: ಬೈಹುಲ್ಲು, ಹಿಂಡಿ, ಬೂಸಾ, ತೌಡು, ಸೊಪ್ಪೆ, ಕಲಗಚ್ಚು, ಅಕ್ಕಚ್ಚು, ಕುದುರೆ ಮಸಾಲೆ. ನಿಮಗೆ ಸಿಕ್ಕ ಹೆಸರುಗಳನ್ನು ಮುಂದಿನ ತರಗತಿಗೆ ಬರೆದು ತನ್ನಿ. ಒಂಬತ್ತನೆಯದನ್ನು ಯಾರು ತರುತ್ತೀರಿ ನೋಡೋಣ.